ತಡೆಗೋಡೆಯ ಮುಚ್ಚುಗಲ್ಲು

(ಹಿತ್ತಲ ತೋಟದ ಶ್ರಮದಾನಕ್ಕೆ ಮುಂಚೆ ಸಂಘದ ಮೇ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬರುವ ಎರಡು ಆದಿತ್ಯವಾರಗಳಲ್ಲಿ ನಮ್ಮ ರಾತ್ರಿಶಾಲೆಯ ಹಿತ್ತಲ ತೋಟದ ತಡೆಗೋಡೆಗೆ ಮುಚ್ಚುಗಲ್ಲು ಕೂಡಿಸಬೇಕೆಂದು ಕಾರ್ಯಕಾರಿ ಸಮಿತಿ ಠರಾವು ಮಾಡಿದೆ. ಆ ಕೆಲಸದ ವಿಷಯವಾಗಿ ನಾಲ್ಕು ಮಾತು ಹೇಳಲು ಅಧ್ಯಕ್ಷರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ನಾನು ಇಂಜಿನಿಯರನಲ್ಲ. ಏಳನೆಯ ಇಯತ್ತೆ ಮುಗಿಸಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವನು. ಮೇಜು ಒರೆಸಿದ್ದೇನೆ, ಸಪ್ಲಾಯರ್ ಆಗಿದ್ದೇನೆ, ಭಟ್ಟಿಯ ಮುಂದೆ ನಿಂತಿದ್ದೇನೆ. ಹೋಟೇಲಿನ ಕೆಲಸ ಹೋದ ಮೇಲೆ ಎರಡು ವರ್ಷ ಗೌಂಡಿಗಳ ಕೈಕೆಳಗೆ ಗಾರೆ ಕಲಸಿ ಕಲ್ಲು ಹೊತ್ತಿದ್ದೇನೆ. ಆ ಎರಡು ವರ್ಷಗಳಲ್ಲಿ ಕಣ್ಣಿಗೆ ಕಂಡದ್ದು, ಕೈಗೆ ತಿಳಿದದ್ದು, ಆಮೇಲೆ ಕೇಳಿ ಓದಿ ತಿಳಿದದ್ದು, ಇಷ್ಟೇ ನನ್ನ ಬಂಡವಾಳ.

ಮೊದಲು ಹೆಸರಿನ ಮಾತು. ತಡೆಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ಕೂಡಿಸುವ ಚಪ್ಪಟೆ ಕಲ್ಲಿಗೆ ಇಲ್ಲಿಯ ಮೇಸ್ತ್ರಿಗಳು ಕೋಪಿಂಗ್ ಎನ್ನುತ್ತಾರೆ. ನಾನು ಅದನ್ನು ಮುಚ್ಚುಗಲ್ಲು ಎಂದು ಕರೆಯುತ್ತೇನೆ. ನಮ್ಮ ಹುಡುಗರು ಟೋಪಿಕಲ್ಲು ಎಂದು ಹೆಸರಿಟ್ಟಿದ್ದಾರೆ. ಆ ಹೆಸರೂ ಒಳ್ಳೆಯದೇ, ಗೋಡೆಗೆ ಟೋಪಿ ಹಾಕುವುದೇ ನಮ್ಮ ಕೆಲಸ. ಆದರೆ ಗೋಡೆಗೆ ಟೋಪಿ ಹಾಕುವ ನೆಪದಲ್ಲಿ ಕೆಳಗಿನ ಚಾಳಿನವರಿಗೆ ಟೋಪಿ ಹಾಕಿದಂತೆ ಆಗಬಾರದು. ನನ್ನ ಭಾಷಣವೆಲ್ಲ ಇದೇ ಮಾತಿನ ಸುತ್ತ ಇದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಗೋಡೆ ತಮಗೆಲ್ಲ ಗೊತ್ತಿದೆ. ಉದ್ದ ನಲವತ್ತು ಅಡಿ, ಎತ್ತರ ಮೂರೂವರೆ ಅಡಿ, ನೆತ್ತಿಯ ಅಗಲ ಒಂದೂವರೆ ಅಡಿ. ಮುಂಬಯಿಯ ಕಪ್ಪುಕಲ್ಲಿನಲ್ಲಿ ಸಿಮೆಂಟು ಗಾರೆ ಹಾಕಿ ಕಟ್ಟಿದ್ದು. ಮೇಲುಗಡೆ ತೋಟದ ಮಣ್ಣು, ಬಸಳೆಯ ಚಪ್ಪರ, ಎರಡು ಕರಿಬೇವಿನ ಗಿಡ. ಕೆಳಗಡೆ ಓಣಿ, ನೀರಿನ ನಲ್ಲಿ, ಅದರಾಚೆ ಚಾಳಿನ ಖೋಲಿಗಳು. ಸಂಜೆ ನಮ್ಮ ರಾತ್ರಿಶಾಲೆಯ ಹುಡುಗರು ಪಾಠ ಶುರುವಾಗುವ ತನಕ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಅದೇ ಹೊತ್ತಿಗೆ ಕೆಳಗೆ ಹೆಂಗಸರು, ಮಕ್ಕಳು ನೀರಿಗೆ ಸಾಲು ನಿಂತಿರುತ್ತಾರೆ. ನಾವು ಅದರ ಮೇಲೆ ಇಡಲಿರುವ ಒಂದೊಂದು ಕಲ್ಲೂ ಒಂದಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ಮೂರು ಇಂಚು ದಪ್ಪ. ತೂಕ ಹತ್ತಿರ ಹತ್ತಿರ 30 ಕಿಲೋ. ಹೋಟೇಲಿಗೆ ಬರುವ ದೊಡ್ಡ ಸಿಲಿಂಡರಿನೊಳಗಿನ ಗ್ಯಾಸು 19 ಕಿಲೋ ತೂಗುತ್ತದೆ. ಅದಕ್ಕಿಂತಲೂ ಭಾರದ ಕಲ್ಲು ಸಡಿಲಾಗಿ ಕೂತು, ಒಂದು ದಿನ ಮಗುವಿನ ಕೈಯೂರಿದ ಭಾರಕ್ಕೆ ಜಾರಿ ಓಣಿಗೆ ಬಿದ್ದರೆ ಏನಾದೀತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮುಚ್ಚುಗಲ್ಲು ಏಕೆ ಬೇಕು? ಅಂದಕ್ಕೆ ಎಂದು ಕೆಲವರು ತಿಳಿದಿದ್ದಾರೆ. ಅಂದವೂ ಹೌದು, ಆದರೆ ಮುಖ್ಯ ಕೆಲಸ ಮಳೆಯನ್ನು ಗೋಡೆಯ ನೆತ್ತಿಯಿಂದ ಒಳಗೆ ಇಳಿಯಗೊಡದೆ ಇರುವುದು. ನಮ್ಮೂರ ಕಡೆ ಹಿಂದೆ ಮಣ್ಣಿನ ಗೋಡೆಯ ಮೇಲೆ ಮಳೆಗಾಲಕ್ಕೆ ಮುಂಚೆ ಮಡಲು, ಮುಳಿಹುಲ್ಲು ಹೊದಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಹೊದಿಸದೆ ಬಿಟ್ಟ ಗೋಡೆ ಶ್ರಾವಣದ ಹೊತ್ತಿಗೆ ತಲೆ ಕರಗಿಸಿಕೊಂಡು ನಿಂತಿರುತ್ತಿತ್ತು. ಕಲ್ಲಿನ ಗೋಡೆ ಹಾಗೆ ಕರಗುವುದಿಲ್ಲ. ಆದರೆ ಕಲ್ಲು ಕಲ್ಲಿನ ನಡುವಣ ಗಾರೆಯ ಸಂದುಗಳಲ್ಲಿ ನೀರು ಇಳಿಯುತ್ತದೆ, ಗಾರೆಯ ಸುಣ್ಣವನ್ನು ತೊಳೆಯುತ್ತದೆ, ಬಿರುಕಿನಲ್ಲಿ ಹುಲ್ಲು ಬೇರೂರುತ್ತದೆ, ಅರಳಿಯ ಬೀಜ ಮೊಳೆಯುತ್ತದೆ. ಅರಳಿ ಒಮ್ಮೆ ಬೇರು ಬಿಟ್ಟರೆ ಅದನ್ನು ಕೀಳಲು ಗೋಡೆಯನ್ನೇ ಬಿಚ್ಚಬೇಕಾದೀತು. ಮಗ್ಗದ ಖಾತೆಯಲ್ಲಿ ದುಡಿದ ಹಿರಿಯರಿಗೆ ಒಂದೇ ಮಾತಿನಲ್ಲಿ ಹೇಳುವೆ: ಬಟ್ಟೆಗೆ ಅಂಚು ಹೇಗೋ ಗೋಡೆಗೆ ಮುಚ್ಚುಗಲ್ಲು ಹಾಗೆ. ಅಂಚು ಬಿಚ್ಚಿದ ತಾನಿನ ಗತಿ ತಮಗೆ ಗೊತ್ತಿದೆ.

ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳಲ್ಲಿ ಎರಡು ಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. 2005ರ ಜುಲೈ 26ನ್ನು ಮರೆತವರು ಈ ಸಭೆಯಲ್ಲಿ ಯಾರೂ ಇರಲಾರರು. ಅಂದು ಸಾಂತಾಕ್ರೂಜದಲ್ಲಿ 24 ತಾಸಿನಲ್ಲಿ 944 ಮಿಲಿಮೀಟರು ಸುರಿಯಿತು. ಒಂದು ಮೀಟರು ಚೌಕ ನೆಲದ ಮೇಲೆ 944 ಲೀಟರು ನೀರು ಎಂದು ಇದರ ಅರ್ಥ. ನಮ್ಮ ಗೋಡೆಗೆ ಇಡುವ ಮುಚ್ಚುಗಲ್ಲಿನ ಸಾಲಿನ ಮೇಲೆಯೇ ಅಂಥ ದಿನ ಆರು ಸಾವಿರ ಲೀಟರಿನಷ್ಟು ನೀರು ಬಿದ್ದೀತು. ಅದೆಲ್ಲ ಗೋಡೆಯ ಹೊಟ್ಟೆಗೆ ಇಳಿಯದೆ ಹೊರಗೆ ಜಾರಿ ಬೀಳಬೇಕು.

ಜಾರಿ ಬೀಳುವುದೆಂದರೆ ಹೇಗೆ? ಇಡ್ಲಿ ಬೇಯಿಸಿದವರಿಗೆ ಇದು ಸುಲಭವಾಗಿ ತಿಳಿದೀತು. ಚಪ್ಪಟೆ ಮುಚ್ಚಳ ಹಾಕಿದರೆ ಹಬೆಯ ನೀರು ಅಲ್ಲಲ್ಲೇ ತೊಟ್ಟಿಕ್ಕಿ ಇಡ್ಲಿ ಗೊಜ್ಜಾಗುತ್ತದೆ. ಗುಮ್ಮಟದಂಥ ಮುಚ್ಚಳವಾದರೆ ನೀರು ಬದಿಗೆ ಹರಿದು ಕೆಳಗಿಳಿಯುತ್ತದೆ. ಮುಚ್ಚುಗಲ್ಲಿಗೂ ಇಳಿಜಾರು ಬೇಕು. ಇಪ್ಪತ್ತೊಂದು ಇಂಚಿನ ಅಗಲದಲ್ಲಿ ತೋಟದ ಕಡೆಯ ಅಂಚಿಗಿಂತ ಓಣಿಯ ಕಡೆಯ ಅಂಚು ಅರ್ಧ ಇಂಚು ತಗ್ಗಿರಲಿ. ತೋಟದ ಕಡೆಗೇ ಇಳಿಜಾರು ಕೊಟ್ಟರೆ ಗೋಡೆಯ ಮುಖಕ್ಕೆ ಕಲೆಯಾಗುವುದಿಲ್ಲ ಎನ್ನುವ ಮೇಸ್ತ್ರಿಗಳೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಗೋಡೆಯ ಬೆನ್ನಿಗೆ ಈಗಾಗಲೇ ಸಾಕಷ್ಟು ನೀರಿದೆ, ಇನ್ನಷ್ಟು ನಾವು ಕುಡಿಸುವುದು ಬೇಡ.

ಇನ್ನೊಂದು ಸೂಕ್ಷ್ಮ ಇದೆ. ಮೂತಿ ಸರಿಯಿಲ್ಲದ ಕೆಟಲಿನಿಂದ ಚಹಾ ಸುರಿಯುವಾಗ ಅರ್ಧ ಕಪ್ಪಿಗೆ ಬಿದ್ದರೆ ಅರ್ಧ ಕೆಟಲಿನ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹರಿದು ನಮ್ಮ ಕೈಯನ್ನೇ ಸುಡುತ್ತದೆ. ನೀರಿನ ಗುಣ ಅದು. ಮುಚ್ಚುಗಲ್ಲು ಗೋಡೆಯ ಮುಖಕ್ಕೆ ಸಮನಾಗಿದ್ದರೆ ನೀರು ಅದೇ ರೀತಿ ಅಂಟಿಕೊಂಡು ಗೋಡೆಯ ಮುಖದ ಮೇಲೆಯೇ ಇಳಿದು, ಕಲ್ಲಿನ ಕೆಳಗಣ ಗಾರೆಯ ಸಂದಿಗೆ ನುಗ್ಗುತ್ತದೆ. ಅದಕ್ಕಾಗಿಯೇ ಕಲ್ಲು ಓಣಿಯ ಕಡೆ ಎರಡು ಇಂಚು ಮುಂದೆ ಚಾಚಿರಬೇಕು. ಚಾಚಿದ ಭಾಗದ ಅಡಿಯಲ್ಲಿ, ಅಂಚಿನಿಂದ ಒಂದು ಇಂಚು ಒಳಗೆ, ಅರ್ಧ ಇಂಚು ಅಗಲದ ಒಂದು ಗೀರು ಉದ್ದಕ್ಕೂ ಇರಬೇಕು. ಹಿಂದಕ್ಕೆ ಹರಿಯಬೇಕೆಂದ ನೀರು ಆ ಗೀರನ್ನು ದಾಟಲಾರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ನಾವು ತರಿಸಿದ ಅಚ್ಚುಕಲ್ಲುಗಳಿಗೆ ಈ ಗೀರು ಇದೆ. ಕೂಡಿಸುವಾಗ ಗೀರಿನ ಬದಿ ಓಣಿಯ ಕಡೆ, ಕೆಳಮುಖವಾಗಿ ಬರಬೇಕು. ಅದನ್ನು ಗಾರೆಯಿಂದ ತುಂಬಿಬಿಡಬಾರದು. ಚೊಕ್ಕಟವಾಗಿ ಕಾಣಲೆಂದು ಗೀರನ್ನು ಮೆತ್ತಿ ಮುಚ್ಚಿದ ಕೆಲಸವನ್ನು ನಾನು ಒಂದಲ್ಲ ಹತ್ತು ಕಡೆ ನೋಡಿದ್ದೇನೆ.

ಇಷ್ಟು ಮುಚ್ಚುಗಲ್ಲು ಮಾಡುವ ಕೆಲಸ. ಅದರಿಂದ ಆಗದ ಕೆಲಸವೊಂದಿದೆ. ಅದಕ್ಕಾಗಿಯೇ ನಾನು ಈ ದಿವಸ ಎದ್ದು ನಿಂತದ್ದು.

ಗೋಡೆಯನ್ನು ಬೀಳಿಸುವ ನೀರು ಹೆಚ್ಚಾಗಿ ಮೇಲಿನಿಂದ ಬರುವುದಿಲ್ಲ, ಬೆನ್ನಿನ ಮಣ್ಣಿನಲ್ಲಿ ನಿಂತ ನೀರು ಬೀಳಿಸುತ್ತದೆ. ಲೆಕ್ಕ ಬಹಳ ಕಠಿಣವಲ್ಲ. ಒಂದು ಮೀಟರು ಎತ್ತರಕ್ಕೆ ನೀರು ನಿಂತರೆ ಗೋಡೆಯ ಪ್ರತಿಯೊಂದು ಮೀಟರು ಉದ್ದದ ಮೇಲೆ 500 ಕಿಲೋ ಭಾರದಷ್ಟು ಒತ್ತಡ ಅಡ್ಡಲಾಗಿ ಬೀಳುತ್ತದೆ. ಎತ್ತರ ಎರಡು ಮೀಟರಾದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು: 2000 ಕಿಲೋ. ನಮ್ಮ ಗೋಡೆಯ ಎತ್ತರ ಒಂದು ಮೀಟರಿನಷ್ಟು, ಉದ್ದ ಹನ್ನೆರಡು ಮೀಟರು. ಬೆನ್ನಿನಲ್ಲಿ ನೀರು ತುಂಬಿ ನಿಂತರೆ ಅದೊಂದೇ ಆರು ಟನ್ನು ಆಯಿತು. ಮಣ್ಣಿನ ಒತ್ತಡ ಬೇರೆ. ನಾವು ಮೇಲೆ ಇಡುವ ಎಲ್ಲ ಮುಚ್ಚುಗಲ್ಲುಗಳ ತೂಕ ಸೇರಿದರೂ 1200 ಕಿಲೋ ಆಗುವುದಿಲ್ಲ. ಆದುದರಿಂದ ಮೇಲೆ ಭಾರ ಇಟ್ಟರೆ ಗೋಡೆ ಗಟ್ಟಿಯಾದೀತೆಂಬ ಮಾತನ್ನು ಯಾರೂ ನಂಬಬೇಡಿ. ಹಿಂದಿನ ನೀರಿಗೆ ಹೊರಗೆ ಬರಲು ದಾರಿ ಬೇಕು. ಗೋಡೆಯ ಬುಡದಲ್ಲಿ ಐದಾರು ಅಡಿಗೊಂದರಂತೆ ತೂತು ಬಿಡುವುದು ಅದಕ್ಕೆ.

ನಮ್ಮ ಗೋಡೆಗೆ ಏಳು ತೂತುಗಳಿವೆ. ಅವುಗಳಲ್ಲಿ ನಾಲ್ಕನ್ನು ಯಾರೋ ಚಿಂದಿ ತುರುಕಿ ಸಿಮೆಂಟು ಬಳಿದು ಮುಚ್ಚಿದ್ದಾರೆ. ಯಾರು ಮಾಡಿದರೆಂದು ವಿಚಾರಿಸಲು ನಾನು ಹೋಗುವುದಿಲ್ಲ, ಅವರ ಕಷ್ಟವನ್ನೂ ನೋಡಬೇಕು. ಮಳೆಗಾಲವಿಡೀ ಕೆಸರು ನೀರು ಓಣಿಗೆ ಬೀಳುತ್ತದೆ, ನಲ್ಲಿಗೆ ಬಂದ ಹೆಂಗಸರ ಕಾಲು ಜಾರುತ್ತದೆ, ಖೋಲಿಯ ಹೊಸ್ತಿಲಿಗೆ ರಾಡಿ ಬರುತ್ತದೆ. ಅದಕ್ಕೆ ಮದ್ದು ತೂತು ಮುಚ್ಚುವುದಲ್ಲ, ಗೋಡೆಯ ಬುಡದಲ್ಲಿ ಒಂದು ಸಣ್ಣ ಗಟಾರ ಮಾಡಿ ಮ್ಯುನಿಸಿಪಾಲಿಟಿಯ ಮೋರಿಗೆ ಸೇರಿಸುವುದು. ಇದನ್ನು ಸಂಘ ಮೊದಲೇ ಮಾಡಬೇಕಾಗಿತ್ತೆಂದು ಚಾಳಿನ ಒಬ್ಬ ತಾಯಿ ನನಗೆ ಮುಖಕ್ಕೆ ಹೇಳಿದರು. ಅವರ ಮಾತು ನ್ಯಾಯವಾದದ್ದು.

ತೂತು ಮುಚ್ಚಿದ ಗೋಡೆಯ ಮೇಲೆ ಸುಂದರವಾದ ಮುಚ್ಚುಗಲ್ಲು ಕೂಡಿಸಿದರೆ ಏನಾಗುತ್ತದೆ? ಕಂಡವರೆಲ್ಲರೂ ಗೋಡೆ ಭದ್ರವಾಗಿದೆಯೆಂದು ತಿಳಿಯುತ್ತಾರೆ. ಆ ಧೈರ್ಯದಿಂದ ಅದರ ಬುಡದಲ್ಲಿ ಮಲಗುತ್ತಾರೆ. ಟೋಪಿ ಹಾಕುವುದೆಂದು ನಾನು ಹೇಳಿದ್ದು ಇದನ್ನು.

2019ರ ಜೂನ್ 29ರಂದು ಪುಣೆಯ ಕೋಂಢವಾದಲ್ಲಿ ಒಂದು ಕಾಲನಿಯ ಆವರಣ ಗೋಡೆ ಮಳೆಗೆ ಕುಸಿದು, ಅದರ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕಟ್ಟಡ ಕಾಮಗಾರರ ಮೇಲೆ ಬಿತ್ತು. ಹದಿನೈದು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಮೂರು ದಿನ ಕಳೆಯುವುದರೊಳಗೆ, ಜುಲೈ 2ರ ನಸುಕಿನಲ್ಲಿ, ನಮ್ಮ ಮಾಲಾಡದ ಪಿಂಪ್ರಿಪಾಡಾದಲ್ಲಿ ನೀರಿನ ಜಲಾಶಯದ ಗೋಡೆ ಗುಡಿಸಲುಗಳ ಮೇಲೆ ಬಂದು ಇಪ್ಪತ್ತೈದಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 2ರಂದು ತಮಿಳುನಾಡಿನ ಮೆಟ್ಟುಪಾಳಯದ ಹತ್ತಿರ ಗೋಡೆ ಬಿದ್ದು ಹದಿನೇಳು ಜನ ಹೋದರು. ಅಷ್ಟು ದೂರವೇಕೆ, 2024ರ ಜೂನ್ 26ರಂದು ನಮ್ಮದೇ ಮಂಗಳೂರಿನ ಬಳಿ ಉಳ್ಳಾಲದ ಕಡೆ ಪಕ್ಕದ ಮನೆಯ ಆವರಣ ಗೋಡೆ ಮಳೆಗೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಸತ್ತರು. ಒಂದೊಂದು ಗೋಡೆಯ ಕಥೆಯೂ ಬೇರೆ. ಎಲ್ಲದಕ್ಕೂ ಒಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕು ಕಡೆಯೂ ಮಳೆಯ ಹೊತ್ತು, ನಾಲ್ಕು ಕಡೆಯೂ ಗೋಡೆಯ ಕೆಳಗಿದ್ದವರು ಆ ಗೋಡೆಯನ್ನು ಕಟ್ಟಿಸಿದವರಲ್ಲ.

ನಾನು ದುಡಿಯುತ್ತಿದ್ದ ಒಂದು ಹೋಟೇಲಿನ ಹಿಂಬದಿಯಲ್ಲಿ ಹೀಗೆಯೇ ಒಂದು ಎತ್ತರದ ಗೋಡೆ ಇತ್ತು. ಅದರ ನೆತ್ತಿಗೆ ಬಣ್ಣದ ಹಂಚು ಕೂಡಿಸಿದ್ದರು, ಗಿರಾಕಿಗಳು ಹೊಗಳುತ್ತಿದ್ದರು. ಬುಡದಲ್ಲಿ ತಗಡು ಇಳಿಬಿಟ್ಟು ನಾವು ಒಂಬತ್ತು ಹುಡುಗರು ಮಲಗುತ್ತಿದ್ದೆವು. ಒಂದು ಮಳೆಗಾಲ ಗೋಡೆಯ ನಡುವೆ ಹೊಟ್ಟೆ ಬಂತು, ಕಲ್ಲಿನ ಸಂದುಗಳಲ್ಲಿ ಬಿಳಿಯ ಉಪ್ಪಿನ ಗೆರೆ ಮೂಡಿತು. ಗಲ್ಲಾದ ಮೇಲಿದ್ದವರಿಗೆ ಹೇಳಿದೆವು. ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಅಂದಿನಿಂದ ಒಂಬತ್ತು ಜನವೂ ಹೋಟೇಲಿನ ಒಳಗೆ ಮೇಜುಗಳ ಮೇಲೆ ಮಲಗಿದೆವು. ಬೈದರೂ ಏಳಲಿಲ್ಲ, ಸಂಬಳ ಹಿಡಿಯುತ್ತೇವೆಂದರೂ ಏಳಲಿಲ್ಲ. ಎಂಟನೆಯ ದಿನ ಗೋಡೆಯನ್ನು ಬಿಚ್ಚಿಸಿದರು. ಬಿಚ್ಚುವಾಗ ಹಿಂದಿನಿಂದ ಕೊಡಗಟ್ಟಲೆ ನೀರು ಬಂತು. ನಾನು ಸಂಘದ ಕೆಲಸಕ್ಕೆ ಬಂದದ್ದು ಆ ಎಂಟು ದಿನಗಳಿಂದ.

ಆದುದರಿಂದ ಮೊದಲನೆಯ ಆದಿತ್ಯವಾರ ಮುಚ್ಚುಗಲ್ಲಿಗೆ ಕೈ ಹಾಕುವುದು ಬೇಡ, ತೂತುಗಳನ್ನು ಬಿಡಿಸೋಣ. ನಮ್ಮ ಗೌಂಡಿ ಅಣ್ಣನವರು ಹೋದ ವಾರ ತೂಗುಗುಂಡು ಇಳಿಬಿಟ್ಟು ಮೂರು ಕಡೆ ನೋಡಿದ್ದಾರೆ. ಗೋಡೆ ನೆಟ್ಟಗಿದೆ, ಹೊಟ್ಟೆ ಬಂದಿಲ್ಲ. ಬಂದಿದ್ದರೆ ಮುಚ್ಚುಗಲ್ಲಿನ ಮಾತನ್ನೇ ಬಿಟ್ಟು ಗೋಡೆ ಬಿಚ್ಚಿ ಕಟ್ಟುವ ಮಾತಾಡಬೇಕಾಗುತ್ತಿತ್ತು. ಆಳೆತ್ತರದ ಗೋಡೆಯಾಗಿದ್ದರೆ ನಾನು ಈ ಭಾಷಣ ಮಾಡುತ್ತಿರಲಿಲ್ಲ, ಇಂಜಿನಿಯರರನ್ನು ಕರೆಸಿರೆಂದು ಕೈ ಮುಗಿಯುತ್ತಿದ್ದೆ.

ತೂತಿನ ಸಿಮೆಂಟನ್ನು ಉಳಿ ಸುತ್ತಿಗೆಯಿಂದ ಮೆಲ್ಲಗೆ ಒಡೆದು, ಚಿಂದಿ ಎಳೆದು ತೆಗೆಯಬೇಕು. ಮಣ್ಣು ಒಣಗಿರುವಾಗಲೇ, ಎಂದರೆ ಈಗಲೇ, ಮಾಡತಕ್ಕ ಕೆಲಸ ಇದು. ಆಮೇಲೆ ತೋಟದ ಕಡೆಯಿಂದ ತೂತಿನ ಎದುರಿಗೆ ಒಂದಡಿ ಅಗಲ ಅಗೆದು ಖಡಿ ತುಂಬಬೇಕು. ಬರಿಯ ಖಡಿ ತುಂಬಿದರೆ ಎರಡು ಮಳೆಗಾಲದಲ್ಲಿ ಮಣ್ಣು ನುಗ್ಗಿ ಮತ್ತೆ ಮುಚ್ಚಿಹೋಗುತ್ತದೆ. ಖಡಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ ಬೇಕು. ನೇಯದೆ ಎಳೆಗಳನ್ನು ಒತ್ತಿಯೇ ಮಾಡಿದ ಪ್ಲಾಸ್ಟಿಕ್ ನಾರಿನ ಬಟ್ಟೆ ಇದಕ್ಕೆಂದೇ ಸಿಗುತ್ತದೆ. ಗೋಣಿ ಹಾಕೋಣವೆಂದು ಕೆಲವರು ಹೇಳಿದರು. ಗೋಣಿ ಬೇಗ ಕೊಳೆಯುತ್ತದೆ, ಬೇಡ. ಖಡಿಯ ಮೇಲುಗಡೆಯೂ ಅದೇ ಬಟ್ಟೆ ಮಡಿಸಿ, ಅದರ ಮೇಲೆ ಒಂದಡಿ ದಪ್ಪಕ್ಕೆ ಜಿಗುಟು ಮಣ್ಣು ಹಾಕಿ ದಮ್ಮಸು ಮಾಡಬೇಕು. ಮೇಲಿನ ಮಳೆನೀರು ನೇರವಾಗಿ ಖಡಿಗೆ ಇಳಿಯದೆ ತೋಟದ ಬದಿಯ ಕಾಲುವೆಗೆ ಹರಿಯಲಿ. ಬಸಳೆಯ ಚಪ್ಪರ ಎರಡಡಿ ಹಿಂದಕ್ಕೆ ಸರಿಯಬೇಕಾಗುತ್ತದೆ. ಅಡಿಗೆಮನೆಯ ಮಂದಿ ಕೋಪಿಸಿಕೊಳ್ಳಬಾರದು.

ಈಗ ಕಲ್ಲಿನ ಮಾತು. ನಮ್ಮ ಕಲಬುರಗಿ ಕಡೆಯ ಸದಸ್ಯರು ಶಹಾಬಾದಿ ಫರಸಿಯನ್ನೇ ಏಕೆ ಹಾಕಬಾರದೆಂದು ಕೇಳಿದ್ದರು. ಊರಿನ ಕಲ್ಲಿನ ಮೇಲೆ ಅಭಿಮಾನ ಇರತಕ್ಕದ್ದೇ. ಮುಂಬಯಿಯ ಎಷ್ಟೋ ಚಾಳುಗಳ ನೆಲ ಶಹಾಬಾದಿಯದೇ. ಆದರೆ ಅದು ಪದರು ಪದರಾಗಿ ಏಳುವ ಕಲ್ಲು. ಅಂಗಡಿಯಲ್ಲಿ ಸಿಗುವ ತೆಳು ಹಲಗೆಯನ್ನು ಚಾಚಿ ಇಟ್ಟು ಅದರ ಮೇಲೆ ಮಕ್ಕಳು ಕುಳಿತರೆ ಅಂಚು ಮುರಿಯುವ ಭಯವಿದೆ. ಮೂರು ಇಂಚಿನ ಸಿಮೆಂಟು ಕಲ್ಲು ಈ ಕೆಲಸಕ್ಕೆ ವಾಸಿ.

ಬಂದ ಕಲ್ಲನ್ನು ಒಂದೊಂದಾಗಿ ಮರದ ಹಿಡಿಯಿಂದ ಬಡಿದು ನೋಡಬೇಕು. ಮಣ್ಣಿನ ಗಡಿಗೆ ಕೊಳ್ಳುವಾಗ ನಾವು ನೋಡುವ ಹಾಗೆಯೇ. ಠಣ್ ಎಂದರೆ ಸರಿ. ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ, ಬದಿಗಿಡಿ. ಅದಕ್ಕಾಗಿ ಮೂರು ಕಲ್ಲು ಹೆಚ್ಚು ತರಿಸಿದ್ದೇವೆ.

ಗಾರೆ ಕಲಸುವ ಮುನ್ನ ಎಲ್ಲ ಕಲ್ಲುಗಳನ್ನೂ ಒಣದಾಗಿಯೇ ಗೋಡೆಯ ಮೇಲೆ ಜೋಡಿಸಿ ನೋಡಬೇಕು. ಇದನ್ನು ಬಿಟ್ಟವರು ಕೊನೆಗೆ ನಾಲ್ಕು ಬೆರಳಗಲದ ಚೂರು ಕೂಡಿಸಿ ಕೈ ತೊಳೆದುಕೊಳ್ಳುತ್ತಾರೆ. ಮೊದಲು ಕಳಚುವುದು ಅದೇ ಚೂರು. ಅಡಿಗೊಂದು ಕಲ್ಲಾದರೆ ನಲವತ್ತು ಅಡಿಗೆ ನಲವತ್ತು ಕಲ್ಲು ಎಂಬ ಲೆಕ್ಕ ತಪ್ಪು, ನಡುವಿನ ಸಂದುಗಳನ್ನೂ ಸೇರಿಸಬೇಕು. ಕಾಲಿಂಚಿಗಿಂತ ತುಸು ಹೆಚ್ಚು ಸಂದು ಬಿಟ್ಟರೆ 39 ಕಲ್ಲು ಸರಿಯಾಗಿ ಕೂಡುತ್ತವೆ, ಒಂದನ್ನೂ ಗಿಡ್ಡ ಮಾಡಬೇಕಾಗಿಲ್ಲ. ಕಲ್ಲಿನ ಸಂದು ಕೆಳಗಿನ ಗೋಡೆಯ ಸಂದಿನ ನೇರಕ್ಕೆ ಬಾರದಂತೆ ನೋಡಿಕೊಂಡರೆ ಉತ್ತಮ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೋಡೆಯಾದರೆ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ನಮ್ಮದು ಒಂದೇ ಮಟ್ಟ, ಆ ತೊಂದರೆ ಇಲ್ಲ.

ಇಲ್ಲಿ ಒಂದು ಕಹಿ ಮಾತು ಆಡಬೇಕಾಗಿದೆ. ವರ್ಗಣಿ ಕೊಟ್ಟ ನಲವತ್ತು ಜನರ ಹೆಸರನ್ನು ಕಲ್ಲಿಗೊಂದರಂತೆ ಕೆತ್ತಿಸಬೇಕೆಂದು ಸಮಿತಿಯಲ್ಲಿ ಸೂಚನೆ ಬಂದಿದೆ. ಕಲ್ಲು 39. ಉಳಿದ ಒಬ್ಬರನ್ನು ಎಲ್ಲಿ ಕೂಡಿಸೋಣ? ನಗೆಯ ಮಾತು ಹಾಗಿರಲಿ. ಮೂರು ಇಂಚಿನ ಸಿಮೆಂಟಿನ ಕಲ್ಲನ್ನು ಉಳಿಯಿಂದ ಬಡಿದರೆ ಕಣ್ಣಿಗೆ ಕಾಣದ ಬಿರುಕು ಬೀಳಬಹುದು, ಕೆತ್ತಿದ ಅಕ್ಷರದಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ಹತ್ತು ವರ್ಷದಲ್ಲಿ ಯಾರ ಹೆಸರೂ ಓದಲು ಬರುವುದಿಲ್ಲ. ಹೆಸರು ಬೇಡವೆನ್ನುವಷ್ಟು ವಿರಕ್ತರು ನಮ್ಮಲ್ಲಿ ಯಾರೂ ಇಲ್ಲ, ನಾನೂ ಅಲ್ಲ. ಶಾಲೆಯ ಒಳಗೋಡೆಗೆ ಒಂದು ಹಲಗೆ ಹಾಕಿಸೋಣ. ಕೆತ್ತನೆಗೆಂದು ತೆಗೆದಿಟ್ಟ ಹಣ ಗಟಾರಕ್ಕೆ ಸಾಕಾಗುತ್ತದೆಂದು ಖಜಾಂಚಿಯವರು ಲೆಕ್ಕ ಹಾಕಿ ತೋರಿಸಿದ್ದಾರೆ. ಈ ಸಭೆ ಇದಕ್ಕೆ ಒಪ್ಪಿಗೆ ಕೊಡಬೇಕೆಂದು ನನ್ನ ಬಿನ್ನಹ.

ಕೂಡಿಸುವ ಕ್ರಮ ಹೀಗೆ. ಎರಡು ತುದಿಗಳಲ್ಲಿ ಒಂದೊಂದು ಕಲ್ಲನ್ನು ಮೊದಲು ಕೂಡಿಸಿ, ಅವುಗಳ ಮುಂದಿನ ಅಂಚಿಗೆ ನೂಲು ಬಿಗಿಯಬೇಕು. ನಲವತ್ತು ಅಡಿಯಲ್ಲಿ ನೂಲು ಜೋಲುತ್ತದೆ, ಆದುದರಿಂದ ನಡುವೆಯೂ ಒಂದು ಕಲ್ಲು ಕೂಡಿಸಿ. ಇಳಿಜಾರು ನೋಡಲು ರಸಮಟ್ಟವನ್ನು ಅಡ್ಡಲಾಗಿ ಇಟ್ಟು, ಅದರ ಓಣಿಯ ಕಡೆಯ ತುದಿಯ ಅಡಿಗೆ ಅರ್ಧ ಇಂಚಿನ ಮರದ ಚೂರು ಇಡಿ. ಗುಳ್ಳೆ ನಡುವೆ ನಿಂತರೆ ಇಳಿಜಾರು ಸರಿಯಾಗಿದೆ.

ಗಾರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಅಳತೆ ಘಮೇಲಾದಿಂದಲೇ ಆಗಲಿ, ಕಣ್ಣಂದಾಜು ಬೇಡ. ಗೋಡೆಯ ನೆತ್ತಿಯನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ತೊಳೆದು, ಒದ್ದೆಯಾಗಿಟ್ಟಿರಬೇಕು. ಆದರೆ ನೀರು ನಿಂತಿರಬಾರದು. ಒಣಕಲ್ಲು ಗಾರೆಯ ನೀರನ್ನು ಹೀರಿಕೊಂಡರೆ ಗಾರೆ ಹಿಡಿಯುವುದಿಲ್ಲ, ಮಣ್ಣಿನಂತೆ ಉದುರುತ್ತದೆ. ಮುಚ್ಚುಗಲ್ಲಿನ ಅಡಿಯನ್ನೂ ಹಾಗೆಯೇ ತುಸು ನೆನೆಸಿಕೊಳ್ಳಿ. ಸಿಮೆಂಟು ಅರ್ಧ ತಾಸಿನ ಮೇಲೆ ಯಾವಾಗ ಬೇಕಾದರೂ ಬಿಗಿಯಲು ಶುರುವಾಗಬಹುದು, ಅದರಲ್ಲೂ ಮೇ ತಿಂಗಳ ಬಿಸಿಲು. ನಾಲ್ಕೈದು ಕಲ್ಲಿಗೆ ಸಾಕಾಗುವಷ್ಟನ್ನೇ ಒಂದು ಸಲಕ್ಕೆ ಕಲಸಿ. ಬಿಗಿದ ಗಾರೆಗೆ ಮತ್ತೆ ನೀರು ಬೆರೆಸುವುದು, ಹಳಸಿದ ಸಾಂಬಾರಿಗೆ ನೀರು ಹಾಕಿ ಕುದಿಸಿ ಬಡಿಸಿದ ಹಾಗೆ. ಅಂಥ ಗಾರೆಯನ್ನು ಚೆಲ್ಲಿಬಿಡಿ, ದುಡ್ಡಿನ ಮುಖ ನೋಡಬೇಡಿ.

ಗಾರೆಯನ್ನು ಐದು ಕಡೆ ಐದು ಮುದ್ದೆ ಇಟ್ಟು ಅದರ ಮೇಲೆ ಕಲ್ಲು ಒತ್ತುವ ಚಟ ಕೆಲವು ಮೇಸ್ತ್ರಿಗಳಿಗಿದೆ. ಬೇಗ ಆಗುತ್ತದೆ, ಗಾರೆ ಉಳಿಯುತ್ತದೆ. ಆದರೆ ಮುದ್ದೆಗಳ ನಡುವಿನ ಪೊಳ್ಳಿನಲ್ಲಿ ನೀರು ಸೇರುತ್ತದೆ, ಅಂಚಿಗೆ ಭಾರ ಬಿದ್ದಾಗ ಕಲ್ಲು ಅಲುಗುತ್ತದೆ. ಮುಕ್ಕಾಲು ಇಂಚು ದಪ್ಪಕ್ಕೆ ಪೂರ್ತಿ ಹಾಸಿ, ಕರಣೆಯಿಂದ ಸಾಲು ಎಳೆದು, ಕಲ್ಲನ್ನು ಇಬ್ಬರು ಎತ್ತಿ ಇಳಿಸಿ, ರಬ್ಬರಿನ ಸುತ್ತಿಗೆಯಿಂದ ತಟ್ಟಿ ನೂಲಿನ ಮಟ್ಟಕ್ಕೆ ತರಬೇಕು. ಮೊದಲನೆಯ ಕಲ್ಲನ್ನು ಕೂಡಿಸಿದ ಮೇಲೆ ಒಮ್ಮೆ ಪುನಃ ಎತ್ತಿ ಅಡಿ ನೋಡಿ. ಎಲ್ಲ ಕಡೆಗೂ ಗಾರೆ ಹತ್ತಿದ್ದರೆ ಹಾಸಿದ್ದು ಸರಿ. ಬೋಳು ಜಾಗ ಕಂಡರೆ ಇನ್ನಷ್ಟು ಬೇಕು. ಕಲ್ಲು ಕಲ್ಲಿನ ನಡುವಣ ಸಂದಿಗೆ ಗಾರೆ ಒತ್ತಿ ತುಂಬಿ, ಮೇಲ್ಭಾಗ ನಯಮಾಡಿ. ಆದಿತ್ಯವಾರದ ಈ ಕೆಲಸದಲ್ಲಿ ನಿಧಾನಕ್ಕೆ ಯಾರೂ ಬೈಯುವುದಿಲ್ಲ, ಇದು ಪಾಳಿಯ ಕೆಲಸವಲ್ಲ.

ನಮ್ಮ ಸದಸ್ಯರಲ್ಲಿ ಕೆಲವರು ಹೊಸ ಕಾಲನಿಗಳಲ್ಲಿ ಮಾಲಿಗಳಾಗಿ ದುಡಿಯುತ್ತಿದ್ದಾರೆ. ಅಲ್ಲಿ ಗಾರೆಯಿಲ್ಲದೆ ಒಂದರ ಮೇಲೊಂದು ಕೊಕ್ಕೆ ಸೇರಿಸಿ ಪೇರಿಸಿದ ಅಚ್ಚುಕಲ್ಲಿನ ಗೋಡೆಗಳಿವೆ, ಅವುಗಳ ಮುಚ್ಚುಗಲ್ಲನ್ನು ಅಂಟಿನಿಂದ ಕೂಡಿಸುತ್ತಾರೆ. ಅಲ್ಲಿ ಕ್ರಮ ಇದಕ್ಕೆ ತಿರುಗಮುರುಗು. ಗಾರೆಗೆ ಒದ್ದೆ ಬೇಕು, ಆ ಅಂಟಿಗೆ ಸಾಮಾನ್ಯವಾಗಿ ಪೂರ್ತಿ ಒಣಗಿದ, ಧೂಳಿಲ್ಲದ ಕಲ್ಲು ಬೇಕು. ಬಯಲಿನ ಕೆಲಸಕ್ಕೆಂದು ಬರೆದಿರುವ ಅಂಟನ್ನೇ ಕೊಳ್ಳಬೇಕು. ಎರಡು ಸಾಲು ಎಳೆದು, ಕಲ್ಲು ಒತ್ತಿ, ಒಂದು ದಿನ ಯಾರೂ ಮುಟ್ಟದಂತೆ ಬಿಡಬೇಕು.

ಕೈಯ ಮತ್ತು ಉಸಿರಿನ ವಿಷಯ. ಹಸಿ ಸಿಮೆಂಟು ಸುಣ್ಣದಂತೆ ಚರ್ಮವನ್ನು ಸುಡುತ್ತದೆ. ಪಾತ್ರೆ ತೊಳೆದು ಬೆರಳ ಸಂದು ಬಿರಿದಿರುವ ಹುಡುಗರು ಗಾರೆಗೆ ಬರಿಗೈ ಹಾಕಲೇಬಾರದು. ರಬ್ಬರಿನ ಕೈಚೀಲ ಸಂಘದಿಂದ ಕೊಡುತ್ತೇವೆ. ಮೂಲೆಯ ಒಂದು ಕಲ್ಲಿಗೆ ಪೈಪು ಹಾಯಲು ಕಚ್ಚು ಕೊಯ್ಯಬೇಕಾಗಿದೆ. ಅದನ್ನು ಮಿಶನ್ನಿನ ಚಕ್ರದಿಂದ ಒಣದಾಗಿ ಕೊಯ್ಯಲು ನಾನು ಬಿಡುವುದಿಲ್ಲ. ಒಳ್ಳೆಯ ಉಳಿಯಿಂದ ಗೀರಿ ಒಡೆಯೋಣ, ಇಲ್ಲವೆ ನೀರು ಬಿಡುತ್ತ ಕೊಯ್ಯುವ ಮಿಶನ್ನು ಬಾಡಿಗೆಗೆ ತರೋಣ. ಹತ್ತಿಯ ಧೂಳು ಕುಡಿದ ಗಿರಣಿಯ ಹಿರಿಯರು ಇಲ್ಲಿದ್ದಾರೆ. ರಜೆ ಮುಗಿಸಿ ಬಂದ ಸೋಮವಾರ ಎದೆ ಬಿಗಿಯುವುದೆಂದರೇನೆಂದು ಅವರನ್ನು ಕೇಳಿ. 1982ರ ಮುಷ್ಕರ ಬಂತು, ಗಿರಣಿಗಳು ಹೋದವು, ಅವು ನಿಂತಿದ್ದ ನೆಲದಲ್ಲಿ ಗಾಜಿನ ಮಹಲುಗಳೆದ್ದವು. ಕೆಮ್ಮು ಮಾತ್ರ ಇವರ ಎದೆಯಲ್ಲಿ ಉಳಿಯಿತು. ಕಲ್ಲಿನ ಧೂಳು ಅದಕ್ಕಿಂತ ಕೆಟ್ಟದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಎದೆಗೂಡಿನಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಆ ರೋಗವನ್ನು ಗುಣಪಡಿಸುವ ಔಷಧವಿಲ್ಲ.

ಕೊನೆಯದಾಗಿ ಏರ್ಪಾಡಿನ ಮಾತು. ಮಳೆ ಮುಂಬಯಿಗೆ ಹೆಚ್ಚಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ ಇಳಿಯುತ್ತದೆ, ಅಷ್ಟರೊಳಗೆ ಎಲ್ಲವೂ ಮುಗಿದಿರಬೇಕು. ಹೋಟೇಲಿನವರಿಗೆ ಮಧ್ಯಾಹ್ನ ಮೂರರಿಂದ ಐದರ ತನಕ ಬಿಡುವು. ಆ ಎರಡು ತಾಸು ಬಂದರೆ ಸಾಕು. ಗಿರಣಿಯ ಹಿರಿಯರು ಬೆಳಿಗ್ಗೆಯೇ ಬಂದು ಖಡಿ ಜರಡಿ ಹಿಡಿಯಲು ಒಪ್ಪಿದ್ದಾರೆ. ಅವರಿಗೆ ಭಾರ ಎತ್ತಲು ಕೊಡಬೇಡಿ, ಅವರು ತಾವಾಗಿ ಎತ್ತಹೋದರೂ ತಡೆಯಿರಿ. ಮೊದಲ ಆದಿತ್ಯವಾರ ತೂತು ಮತ್ತು ಗಟಾರ. ಚಾಳಿನಿಂದ ನಾಲ್ವರು ಕೂಡಿಕೊಳ್ಳುವುದಾಗಿ ಹೇಳಿದ್ದಾರೆ. ಅಂದು ಸಂಜೆ ಮೇಲಿನಿಂದ ಹತ್ತು ಕೊಡ ನೀರು ಸುರಿದು, ಏಳೂ ತೂತುಗಳಿಂದ ಬರುತ್ತದೆಯೇ ಎಂದು ಅವರ ಎದುರಿಗೇ ನೋಡೋಣ. ಬಾರದಿದ್ದರೆ ಎರಡನೆಯ ಆದಿತ್ಯವಾರವೂ ತೂತಿನ ಕೆಲಸವೇ, ಮುಚ್ಚುಗಲ್ಲು ಕಾಯಲಿ. ಕಲ್ಲು ಕೂಡಿಸಿದ ಮೇಲೆ ಏಳು ದಿನ ಒದ್ದೆ ಗೋಣಿ ಹೊದಿಸಿ ಹೊತ್ತಿಗೆ ಎರಡು ಸಲ ನೀರು ಹಾಕುವ ಹೊಣೆ ರಾತ್ರಿಶಾಲೆಯ ಹುಡುಗರದು, ಪಾಳಿಯ ಪಟ್ಟಿಯನ್ನು ಮಾಸ್ತರರು ಬರೆದಿಟ್ಟಿದ್ದಾರೆ. ಆ ಏಳು ದಿನ ಯಾರೂ ಗೋಡೆಯ ಮೇಲೆ ಕೂಡಕೂಡದು.

ನಮ್ಮ ಹತ್ತಿರ ಕರಣೆ ನಾಲ್ಕು, ಘಮೇಲಾ ಆರು, ರಸಮಟ್ಟ ಒಂದು ಇವೆ. ರಬ್ಬರಿನ ಸುತ್ತಿಗೆ ಇಲ್ಲ. ಯಾರ ಬಳಿಯಾದರೂ ಇದ್ದರೆ ಶನಿವಾರ ರಾತ್ರಿಯೊಳಗೆ ಶಾಲೆಗೆ ತಲುಪಿಸಬೇಕಾಗಿ ವಿನಂತಿ.